ಹೆಸರು ಕೇಳಬಾರದ ಉಂಡೆ

ನಮ್ಮೂರು ಯಗಟಿಯಿಂದ ನಾಲ್ಕು ಮೈಲಿ. ಅಲ್ಲಿನ ಹಾಲಿನ ಡೈರಿಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದೇನೆ. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಐದಕ್ಕೆ ಒಂದು ಸಲ, ಕ್ಯಾನು ಹಿಡಿದು ಸಾಲು ನಿಂತವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ಎಷ್ಟು ಡಿಗ್ರಿಗೆ ಮುಳುಗಿತು ನೋಡಿ, ನೀರು ಬಿದ್ದಿದೆಯೋ ಇಲ್ಲವೋ ಹೇಳಬೇಕು. ನೀರು ಹಾಕಿದವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಹಾಕದವರಿಗೂ ಆಗುವುದಿಲ್ಲ, ಏಕೆಂದರೆ ಅವರ ಹಾಲನ್ನೂ ನಾನು ಅದೇ ಮುಖ ಮಾಡಿಕೊಂಡು ನೋಡುತ್ತೇನೆ. ನೀರು ಗೊತ್ತಾಗಬಾರದು ಅಂತ ಸಕ್ಕರೆ ಕದಡಿ ತಂದವರನ್ನು ಹಿಡಿದಿದ್ದೇನೆ, ದೇವರ ಆಣೆ ಇಟ್ಟವರನ್ನು ಹಿಡಿದಿದ್ದೇನೆ, ನನ್ನ ಸ್ವಂತ ನಾದಿನಿಯ ಕ್ಯಾನನ್ನೂ ವಾಪಸ್ ಕಳಿಸಿದ್ದೇನೆ. ಊರಲ್ಲಿ ನನ್ನನ್ನು ಡಿಗ್ರಿಯಮ್ಮ ಅನ್ನುತ್ತಾರೆ. ಎದುರಿಗೆ ಅನ್ನುವುದಿಲ್ಲ, ಆದರೆ ನನಗೆ ಗೊತ್ತು.

ಈ ಗುಣ ಡೈರಿಯಲ್ಲಿ ಕಲಿತದ್ದಲ್ಲ. ನನ್ನ ತವರು ಲಿಂಗದಹಳ್ಳಿ. ನಮ್ಮಪ್ಪ ಕುಡಿದು ಕುಡಿದು ಲಿವರ್ ಕೆಟ್ಟು ಸತ್ತವರು. ಕೊನೆಯ ವರ್ಷ ಹೊಟ್ಟೆ ಊದಿಕೊಂಡು, ಕೈಕಾಲು ಕಡ್ಡಿಯಾಗಿ, ಕಣ್ಣು ಹಳದಿಯಾಗಿದ್ದಾಗಲೂ ನನ್ನ ತಲೆ ಮುಟ್ಟಿ, ಇವತ್ತು ಕುಡಿದಿಲ್ಲ ಮಗಳೇ ಅನ್ನುತ್ತಿದ್ದರು. ಅವರ ಬಾಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ಏಲಕ್ಕಿ ವಾಸನೆ ಬಂದ ದಿನವೇ ಕುಡಿದಿರುತ್ತಾರೆ ಅನ್ನುವುದು ನನಗೆ ಹತ್ತನೇ ವಯಸ್ಸಿಗೆ ತಿಳಿದಿತ್ತು. ಅಲ್ಲಿಂದ ಯಾರು ಆಣೆ ಇಟ್ಟರೂ ನಾನು ಮೊದಲು ಮೂಗನ್ನು ನಂಬುತ್ತೇನೆ, ಆಮೇಲೆ ಕಿವಿಯನ್ನು.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ, ಏಕೆಂದರೆ ಮುಂದೆ ನಾನು ನಮ್ಮ ಯಜಮಾನರಿಗೆ ಮಾಡಿದ್ದು ಓದಿದಾಗ ನಿಮಗೆ ಸಿಟ್ಟು ಬರಬಹುದು. ಬರಲಿ, ನನಗೂ ಬರುತ್ತದೆ.

ಯಜಮಾನರು ತೆಂಗಿನ ತೋಟ ಮತ್ತು ಎರಡೂವರೆ ಎಕರೆ ರಾಗಿ ಹೊಲ ನೋಡಿಕೊಂಡಿರುವ ಮನುಷ್ಯ. ಜಗಳ ಅಂದರೆ ದೂರ. ನಾನು ಹತ್ತು ಮಾತಾಡಿದರೆ ಅವರು ಒಂದು, ಅದೂ ಊಟಕ್ಕೆ ಸಂಬಂಧಪಟ್ಟದ್ದು. ಮೂರು ವರ್ಷದ ಹಿಂದೆ ಕಡೂರಿನಲ್ಲಿ ರಕ್ತದಾನದ ಶಿಬಿರ ನಡೆದಾಗ ನಮ್ಮೂರಿಂದ ಒಂದು ಟೆಂಪೋ ತುಂಬ ಜನ ಹೋಗಿದ್ದರು, ಇವರೂ ಹೋಗಿ ಕೊಟ್ಟು ಬಂದರು. ಎರಡು ವಾರಕ್ಕೆ ಫೋನ್ ಬಂತು. ನಿಮ್ಮ ರಕ್ತದಲ್ಲಿ ಏನೋ ಕಾಣುತ್ತಿದೆ, ಬಂದು ಹೋಗಿ ಅಂದರು. ಹೋದೆವು. ಹೆಪಟೈಟಿಸ್ ಸಿ ಅಂದರು. ಲಿವರ್‌ಗೆ ಕೂರುವ ವೈರಸ್ ಅಂತೆ.

ತರೀಕೆರೆಗೆ ತಿಂಗಳಿಗೆ ಎರಡು ಸಲ ಶಿವಮೊಗ್ಗದಿಂದ ಒಬ್ಬ ಲಿವರ್ ಡಾಕ್ಟರು ಬರುತ್ತಾರೆ. ಇನ್ನೂ ಚಿಕ್ಕ ವಯಸ್ಸು, ನಿಧಾನ ಮಾತು. ಅವರ ಹತ್ತಿರ ಹೋದೆವು. ಈ ವೈರಸ್ ಮೂವತ್ತು ನಲವತ್ತು ವರ್ಷ ಸುಮ್ಮನೆ ಕೂತಿರಬಹುದು, ಹೊರಗೆ ಏನೂ ತೋರಿಸದೆ ಒಳಗೆ ಲಿವರನ್ನು ಗಾಯ ಮಾಡುತ್ತ ಇರುತ್ತದೆ, ಗಾಯ ಮಾಗಿದ ಕಡೆ ನಾರಿನ ಹಾಗೆ ಗಟ್ಟಿಯಾಗುತ್ತದೆ ಎಂದು ಹೇಳಿದರು. ಎಲ್ಲಿಂದ ಬಂತು ಅಂತ ಕೇಳಿದೆ. ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದಾರಾ, ಒಂದೇ ಸೂಜಿಯಲ್ಲಿ ಹಲವರಿಗೆ ಚುಚ್ಚುತ್ತಿದ್ದ ಕಾಲದಲ್ಲಿ ಇಂಜೆಕ್ಷನ್ ತಗೊಂಡಿದ್ದಾರಾ ಅಂದರು. ಇವರು ಹುಡುಗರಾಗಿದ್ದಾಗ ಮರದಿಂದ ಬಿದ್ದು ಕಾಲು ಮುರಿದು ರಕ್ತ ಹಾಕಿಸಿದ್ದು ನಿಜ. ಹಾಗಾದರೆ ಅದೇ ಇರಬಹುದು ಅಂದರು ಡಾಕ್ಟರು. ಇರಬಹುದು ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಾಲಿಗೆ ನೀರು ಬಿದ್ದಿರಬಹುದು ಅಂತ ನಾನು ಹೇಳಿದರೆ ಜನ ಸುಮ್ಮನಿರುತ್ತಾರಾ?

ಲಿವರ್ ಕಾಯಿಲೆ ಅಂದಕೂಡಲೇ ನಮ್ಮ ಕಡೆ ಜನಕ್ಕೆ ಹೊಳೆಯುವುದು ಒಂದೇ. ಡೈರಿಯ ಸಾಲಿನಲ್ಲಿ ನನಗೆ ಕೇಳುವ ಹಾಗೆಯೇ ಪಿಸುಗುಟ್ಟಿದರು, ನೋಡಕ್ಕೆ ಎಷ್ಟು ಸಾಧು, ಒಳಗೆ ಏನಿತ್ತೋ ಅಂತ. ಅವರನ್ನು ಬೈಯಬೇಕಿತ್ತು. ಆದರೆ ನನ್ನ ಮನಸ್ಸು ಆಗಲೇ ಅವರ ಜೊತೆ ಸೇರಿಕೊಂಡಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಇವರ ಬಾಯಲ್ಲಿ ಹೆಂಡದ ವಾಸನೆ ಬಂದದ್ದಿಲ್ಲ. ಅದೇ ನನಗೆ ಅನುಮಾನಕ್ಕೆ ಕಾರಣವಾಯಿತು. ನನ್ನಂಥವಳ ಜೊತೆ ಬಾಳುವ ಗಂಡಸು ವಾಸನೆ ಬಾರದ ಹಾಗೆ ಕುಡಿಯುವುದನ್ನು ಕಲಿತಿರುತ್ತಾನೆ ಅಲ್ಲವೇ ಅಂತ ಲೆಕ್ಕ ಹಾಕಿದೆ. ತೋಟದಿಂದ ಬಂದ ಕೂಡಲೇ ಟವೆಲ್ ಈಸಿಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಮೂಸಲು ಶುರು ಮಾಡಿದೆ. ಅವರಿಗೆ ಗೊತ್ತಾಗುತ್ತಿತ್ತು. ಒಂದು ದಿನ ತಾವೇ ಬಾಯಿ ತೆಗೆದು, ಹಾ ಅಂತ ಉಸಿರು ಬಿಟ್ಟು, ಆಯ್ತಾ ಅಂದು ಒಳಗೆ ಹೋದರು. ನನಗೆ ನಾಚಿಕೆ ಆಗಲಿಲ್ಲ, ಹಾಗೆ ತಾವೇ ಮುಂದೆ ಬಂದು ತೋರಿಸುವವರನ್ನೂ ಡೈರಿಯಲ್ಲಿ ಬಹಳ ನೋಡಿದ್ದೆ.

ಡಾಕ್ಟರು ಮೂರು ತಿಂಗಳ ಮಾತ್ರೆ ಬರೆದರು. ದಿನಕ್ಕೊಂದು, ತಪ್ಪಿಸಬಾರದು. ಮಾತ್ರೆಯಿಂದಲೋ ಚಿಂತೆಯಿಂದಲೋ ಇವರಿಗೆ ಹಸಿವು ಕಟ್ಟಿತು. ಮುದ್ದೆ ಮುರಿದು ಹಾಗೇ ಬಿಡುತ್ತಿದ್ದರು. ನಿದ್ದೆಯೂ ಇಲ್ಲ. ನೋಡನೋಡುತ್ತಾ ಅಂಗಿ ಸಡಿಲವಾಗಿ, ನಮ್ಮಪ್ಪನ ಕೊನೆಯ ವರ್ಷ ನನ್ನ ಕಣ್ಣೆದುರಿಗೆ ಬರತೊಡಗಿತು. ನಿಜ ಹೇಳುತ್ತೇನೆ, ಭಯವಾಯಿತು. ಆಗ ನೆನಪಾದವರು ಇವರ ಸೋದರತ್ತೆ.

ಅತ್ತೆ ಇರುವುದು ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿನ ಊರಲ್ಲಿ. ಇವರು ಚಿಕ್ಕವರಿದ್ದಾಗ ನಾಲ್ಕು ವರ್ಷ ಅವರ ಮನೆಯಲ್ಲೇ ಬೆಳೆದವರು. ಅತ್ತೆಯ ಮನೆತನದವರು ಕಾಮಾಲೆಗೆ ಔಷಧಿ ಕೊಡುತ್ತಾರೆ, ಭಾನುವಾರ ಅವರ ಜಗುಲಿ ತುಂಬ ಜನ. ಅಲ್ಲಿ ಕೆಲವು ಕಟ್ಟುಪಾಡು ಉಂಟು. ದುಡ್ಡು ತಗೊಳ್ಳುವುದಿಲ್ಲ. ಔಷಧಿ ಏನು, ಯಾವ ಸೊಪ್ಪು ಅಂತ ಕೊಡುವವರು ಹೇಳಬಾರದು, ತಿನ್ನುವವರು ಕೇಳಬಾರದು. ಹೆಸರು ಬಾಯಿಗೆ ಬಂದರೆ ಔಷಧಿಯ ಶಕ್ತಿ ಹೋಗುತ್ತದೆ. ಹೊರಡುವಾಗ ಹೋಗಿ ಬತ್ತೀನಿ ಅನ್ನುವಂತಿಲ್ಲ, ನಮ್ಮ ಜೊತೆ ಕಾಯಿಲೆಯೂ ವಾಪಸ್ ಬರುತ್ತದಂತೆ. ಸುಮ್ಮನೆ ಎದ್ದು, ಹಿಂದಕ್ಕೆ ನೋಡದೆ ನಡೆಯಬೇಕು.

ನಾನೊಬ್ಬಳೇ ಬಸ್ಸು ಹಿಡಿದು ಹೋದೆ. ಅತ್ತೆ ಎಲ್ಲ ಕೇಳಿದರು. ಇಂಗ್ಲಿಷ್ ಮಾತ್ರೆ ನುಂಗುವವನಿಗೆ ಕಾಮಾಲೆ ಸೊಪ್ಪು ಕೊಡಲ್ಲ, ಅದೂ ಇದೂ ಬೆರೆಯಬಾರದು ಅಂದರು. ಅಷ್ಟು ಎಚ್ಚರದ ಮುದುಕಿ. ಆದರೆ ಹಸಿವಿಲ್ಲ, ನಿದ್ದೆಯಿಲ್ಲ ಅಂದದ್ದಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ಹೋಗಿ, ಒಂದು ಸ್ಟೀಲ್ ಡಬ್ಬಿ ತುಂಬ ಉಂಡೆ ತಂದುಕೊಟ್ಟರು. ಬೆಲ್ಲ, ಎಳ್ಳು, ಕೊಬ್ಬರಿ ಹಾಕಿದ ನೆಲ್ಲಿಕಾಯಿ ಗಾತ್ರದ ಉಂಡೆ. ದಿನಾ ಬೆಳಿಗ್ಗೆ ಒಂದು ತಿನ್ನಿಸು, ಮುಗಿದ ಮೇಲೆ ಬಾ, ಏನು ಅಂತ ಕೇಳಬೇಡ ಕಣವ್ವ ಅಂದರು. ಜಗತ್ತಿನಲ್ಲಿ ಯಾರನ್ನೂ ಕೇಳದೆ ಬಿಡದ ನಾನು ಅವತ್ತು ಕೇಳಲಿಲ್ಲ. ಹೋಗಿ ಬತ್ತೀನಿ ಅಂತಲೂ ಅನ್ನದೆ ಎದ್ದು ಬಂದೆ.

ಮನೆಗೆ ಬಂದು ಇವರಿಗೆ, ಅತ್ತೆ ಕೊಟ್ಟದ್ದು, ಏನು ಅಂತ ಕೇಳಬಾರದಂತೆ ಅಂದೆ. ಇವರು ಒಂದು ಉಂಡೆ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಅಗಿದು, ನನ್ನ ಮುಖ ನೋಡಿದರು. ಆಮೇಲೆ ನೀರು ಕುಡಿದು ತೋಟಕ್ಕೆ ಹೋದರು. ಅತ್ತೆಯ ಮನೆಯ ರುಚಿ ನೆನಪಾಗಿರಬೇಕು ಅಂದುಕೊಂಡೆ.

ಉಂಡೆ ನಾಟಿತು. ಒಂದು ವಾರದಲ್ಲಿ ಒಂದು ಮುದ್ದೆ ಪೂರ್ತಿ ಒಳಗೆ ಹೋಯಿತು. ಹದಿನೈದು ದಿನಕ್ಕೆ ಎರಡು. ಹಾಸಿಗೆಗೆ ತಲೆ ಕೊಟ್ಟರೆ ನಿದ್ದೆ. ಮೂರು ತಿಂಗಳ ಮಾತ್ರೆ ಮುಗಿದು, ಮತ್ತೆ ಮೂರು ತಿಂಗಳು ಬಿಟ್ಟು ರಕ್ತ ತೆಗೆಸಿದಾಗ ವೈರಸ್ ಇಲ್ಲವೇ ಇಲ್ಲ ಅಂತ ಬಂತು. ಡಾಕ್ಟರು ಕೈ ಕುಲುಕಿದರು. ನಾನು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅತ್ತುಬಿಟ್ಟೆ. ಉಂಡೆ ಮಾತ್ರ ನಿಲ್ಲಿಸಲಿಲ್ಲ. ಡಬ್ಬಿ ಖಾಲಿಯಾದಾಗಲೆಲ್ಲ ಎಮ್ಮೆದೊಡ್ಡಿ ಕಡೆ ಹೋಗಿ ತುಂಬಿಸಿಕೊಂಡು ಬರುತ್ತಿದ್ದೆ. ಹಸಿವು ಬರುತ್ತಿರುವಾಗ ನಿಲ್ಲಿಸಲು ಯಾರಿಗೆ ಧೈರ್ಯ ಬರುತ್ತದೆ.

ಉಂಡೆ ಶುರು ಮಾಡಿ ಒಂದು ವರ್ಷದ ಮೇಲೆ ಶಿವಮೊಗ್ಗದಲ್ಲಿ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್ ಮಾಡಿಸಿದೆವು. ಏಳರ ಒಳಗಿದ್ದರೆ ಚೆನ್ನಾಗಿದೆ ಅಂತ ಲೆಕ್ಕ, ಮಾತ್ರೆ ಶುರು ಮಾಡುವ ಮೊದಲು ಮಾಡಿಸಿದ್ದಾಗ ಹನ್ನೊಂದು ಅಂತ ಬಂದಿತ್ತು. ವೈರಸ್ ಹೋದ ಮೇಲೆ ಇಳಿಯಬೇಕು ಅಂದಿದ್ದರು. ಈ ಸಲ ಹದಿಮೂರು. ಜೊತೆಗೆ ಲಿವರಿನಲ್ಲಿ ಮೊದಲು ಇಲ್ಲದಿದ್ದ ಕೊಬ್ಬು. ತರೀಕೆರೆಯಲ್ಲಿ ಡಾಕ್ಟರು ಚೀಟಿಯನ್ನು ಎರಡು ಸಲ ನೋಡಿ, ಕುಡಿಯುವ ಅಭ್ಯಾಸ ಇದೆಯಾ ಅಂತ ಇವರನ್ನು ಕೇಳಿದರು. ಇಲ್ಲ ಅಂದರು ಇವರು. ಡಾಕ್ಟರು ನನ್ನ ಕಡೆ ತಿರುಗಿದರು. ಇಲ್ಲ ಅಂತ ನಾನೂ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಡಾಕ್ಟರು ಏನೋ ಬರೆದುಕೊಂಡರು, ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತರು. 

ಅಲ್ಲಿಂದ ನಾನು ಮನುಷ್ಯಳ ಹಾಗಿರಲಿಲ್ಲ. ಪಂಪಿನ ಮನೆಯ ಮೂಲೆ ಕೆದಕಿದೆ. ಗೊಬ್ಬರದ ಚೀಲ ಸರಿಸಿ ನೋಡಿದೆ. ತೆಂಗಿನ ಗರಿಯ ರಾಶಿಯನ್ನು ಒಂದೊಂದೇ ಎತ್ತಿಹಾಕಿ ಕೈ ಗೀರಿಕೊಂಡೆ. ಒಂದು ಖಾಲಿ ಬಾಟಲಿಯೂ ಸಿಗಲಿಲ್ಲ, ಎಲ್ಲೋ ಬೇರೆ ಕಡೆ ಇಟ್ಟಿದ್ದಾರೆ ಅಂದುಕೊಂಡೆ. ಇವರ ನಡಿಗೆ ಸ್ವಲ್ಪ ತೇಲಿದ ಹಾಗೆ ಕಂಡಿತು. ಕರೆದರೆ ಉತ್ತರ ಒಂದು ಗಳಿಗೆ ತಡವಾಗಿ ಬರುತ್ತಿತ್ತು. ಕಣ್ಣು ಕೆಂಪು. ಇನ್ನೇನು ಬೇಕು? ಆಗಲೇ ನಾದಿನಿ ಬಂದು, ಅಣ್ಣ ಪ್ರತಿ ಮಂಗಳವಾರ ಅಜ್ಜಂಪುರದಲ್ಲಿ ಇಳಿಯೋದನ್ನ ನಮ್ಮೆಜಮಾನ್ರು ನೋಡವ್ರೆ ಅಂದಳು. ಇವಳ ಕ್ಯಾನನ್ನು ವಾಪಸ್ ಕಳಿಸಿದ್ದೆನಲ್ಲ, ಹೇಳುವಾಗ ಮುಖದಲ್ಲಿ ಸಣ್ಣ ಸಂತೋಷ ಇತ್ತು. ನನಗೆ ಇವರು ಹೇಳುತ್ತಿದ್ದದ್ದು ಕಡೂರಿಗೆ ಕಾಯಿ ರೇಟು ಕೇಳಲು ಹೋಗುತ್ತೇನೆ ಅಂತ.

ಮುಂದಿನ ಮಂಗಳವಾರ ಬೆಳಗಿನ ಹಾಲು ಮುಗಿಸಿ, ಡೈರಿಯನ್ನು ಸೆಕ್ರೆಟರಿಗೆ ಒಪ್ಪಿಸಿ, ನಾನು ಅಜ್ಜಂಪುರದ ಬಸ್ಸು ಹತ್ತಿದೆ. ಮೊದಲು ಎರಡು ಬಾರಿನ ಮುಂದೆ ನಿಂತೆ. ಸೆರಗು ಹೊದ್ದುಕೊಂಡು ಬಾರಿನ ಬಾಗಿಲು ಕಾಯುವ ಹೆಂಗಸನ್ನು ಜನ ಹೇಗೆ ನೋಡುತ್ತಾರೋ ಹಾಗೇ ನೋಡಿದರು. ಅಲ್ಲಿ ಇವರಿಲ್ಲ. ರೈಲ್ವೆ ಸ್ಟೇಷನ್ ಕಡೆಯ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲ್ಲು, ಅದರ ಒಳಗಿನ ಮೇಜಿನಲ್ಲಿ ಬೆನ್ನು ಹಾಕಿ ಕೂತಿದ್ದ ಇವರ ಟವೆಲ್ಲಿನ ಗುರುತು ಸಿಕ್ಕಿತು. ಮುಂದೆ ಎರಡು ಮಸಾಲೆ ದೋಸೆಯ ಖಾಲಿ ತಟ್ಟೆ. ಕೈಯಲ್ಲಿ ಜಿಲೇಬಿ. ನಾನು ನೋಡುತ್ತಿದ್ದ ಹಾಗೇ ಇನ್ನೊಂದು ಪ್ಲೇಟು ಜಿಲೇಬಿ ಬಂತು.

ಹೋಗಿ ಎದುರಿಗೆ ಕೂತೆ. ಇವರು ಬೆಚ್ಚಲಿಲ್ಲ, ಜಿಲೇಬಿ ಕೆಳಗಿಟ್ಟು ತಲೆ ತಗ್ಗಿಸಿದರು. ಡಾಕ್ಟರು ಎಣ್ಣೆ ಸಿಹಿ ಮುಟ್ಟಬೇಡಿ ಅಂದಿದ್ದರು, ನಾನು ಮನೆಯಲ್ಲಿ ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದ್ದೆ.

‘ಹಸಿವು ಕಣೇ,’ ಅಂದರು. ‘ಎಷ್ಟು ತಿಂದ್ರೂ ಸಾಲ್ದು. ನಿನ್ನ ಮುಂದೆ ತಿನ್ನಕ್ಕೆ ನಾಚ್ಕೆ ಆಯ್ತು.’

ಐವತ್ತೈದು ವರ್ಷದ ಗಂಡಸು ಕದ್ದು ಜಿಲೇಬಿ ತಿನ್ನಲು ಬಸ್ಸು ಹತ್ತಿ ಬರುತ್ತಾನೆ ಅಂದರೆ ನಗಬೇಕು. ನನಗೆ ನಗು ಬರಲಿಲ್ಲ, ಸಮಾಧಾನವೂ ಅರ್ಧ ಮಾತ್ರ ಆಯಿತು. ಕುಡಿಯುವವರಿಗೆ ಸಿಹಿ ಕಂಡರೆ ಆಗುವುದಿಲ್ಲ, ನಮ್ಮಪ್ಪ ಹಬ್ಬದ ಹೋಳಿಗೆಯನ್ನೂ ಮುಟ್ಟುತ್ತಿರಲಿಲ್ಲ. ಹಾಗಾದರೆ ಇದು ಕುಡಿತವಲ್ಲ ಅಂತ ಒಂದು ಮನಸ್ಸು ಹೇಳಿತು. ಕುಡಿದ ಮೇಲೆ ಹೋಟೆಲ್ಲಿಗೆ ಬಂದಿರಬೇಕು ಅಂತ ಇನ್ನೊಂದು ಹೇಳಿತು. ಆ ಜಿಲೇಬಿ ಹೋಟೆಲ್ಲಿನಲ್ಲಿ, ನಾಲ್ಕು ಜನರ ಮುಂದೆ, ನಾನು ಬಾಗಿ ಇವರ ಉಸಿರು ಮೂಸಿದೆ. ಬಿಲ್ಲು ಬರೆಯುತ್ತಿದ್ದವನು ಬೇರೆ ಕಡೆ ತಿರುಗಿಕೊಂಡ.

ಆಮೇಲಿನ ತರೀಕೆರೆ ಭೇಟಿಗೆ ನಾನೊಬ್ಬಳೇ ರಿಪೋರ್ಟು ತಗೊಂಡು ಹೋದೆ, ತೋಟದಲ್ಲಿ ಕಾಯಿ ಕೀಳುವ ದಿನ ಅದು. ತೂಕ ಹನ್ನೆರಡು ಕೆಜಿ ಏರಿತ್ತು. ಡಾಕ್ಟರು ಈ ಸಲ ಕುಡಿತದ ಮಾತು ಎತ್ತಲಿಲ್ಲ. ಹಸಿವು ಹೇಗೆ, ನಿದ್ದೆ ಹೇಗೆ, ಮಂಕು ಇದೆಯಾ ಅಂತ ಕೇಳುತ್ತ ಹೋಗಿ, ಕೊನೆಗೆ ಯಾವುದಾದರೂ ನಾಟಿ ಔಷಧಿ ನಡೆದಿದೆಯಾ ಅಮ್ಮ ಅಂದರು. ಇಲ್ಲ ಸಾರ್ ಅಂದೆ.

ಬಸ್ಸು ಬೀರೂರು ದಾಟುವವರೆಗೆ ನನಗೆ ಏನೂ ಅನ್ನಿಸಲಿಲ್ಲ. ಆಮೇಲೆ ಆ ‘ಇಲ್ಲ ಸಾರ್’ ಕಿವಿಯಲ್ಲಿ ಮತ್ತೆ ಕೇಳಿತು. ತುಂಬ ಬೇಗ ಹೇಳಿದ್ದೆ. ಅವರ ಪ್ರಶ್ನೆ ಮುಗಿಯುವ ಮೊದಲೇ ಹೇಳಿದ್ದೆ. ನೀರು ಹಾಕಿದವರು ಹಾಗೇ ಹೇಳುತ್ತಾರೆ; ಹಾಕದವರು ಒಂದು ಗಳಿಗೆ ಯೋಚನೆ ಮಾಡಿ, ಯಾಕಮ್ಮ ಏನಾಯ್ತು ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಬೇರೆಯವರ ಬಾಯಲ್ಲಿ ಹಿಡಿದದ್ದನ್ನು ನನ್ನ ಬಾಯಲ್ಲೇ ಕೇಳಿದೆ. ಉಂಡೆಯನ್ನು ನಾನು ಔಷಧಿಯ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲ. ಹೆಸರು ಎತ್ತಬಾರದು ಎಂದು ಬಾಯಿಗೆ ಹಾಕಿದ ಕಟ್ಟು ಯೋಚನೆಗೂ ಬಿದ್ದಿತ್ತು.

ಮನೆಗೆ ಹೋಗಿ ಡಬ್ಬಿ ತೆಗೆದು ಒಂದು ಉಂಡೆಯನ್ನು ಅಂಗಳದ ಬಿಸಿಲಲ್ಲಿ ಬಿಳಿ ತಟ್ಟೆಯ ಮೇಲೆ ಒಡೆದೆ. ಬೆಲ್ಲದ ಒಳಗೆ ಒಣಗಿದ ಸೊಪ್ಪಿನ ಪುಡಿ. ಎಳ್ಳಿನ ನಡುವೆ ಎಳ್ಳಲ್ಲದ ನಾಲ್ಕು ದುಂಡು ಬೀಜ. ಒಂದು ವರ್ಷಕ್ಕೂ ಮೇಲೆ ದಿನಾ ಬೆಳಿಗ್ಗೆ ಇದನ್ನು ನಾನೇ ಕೈಯಾರೆ ಅವರ ಅಂಗೈಗೆ ಹಾಕಿದ್ದೆ. ಒಮ್ಮೆಯೂ ಮೂಸಿ ನೋಡಿರಲಿಲ್ಲ.

ಮಾರನೇ ದಿನವೇ ಎಮ್ಮೆದೊಡ್ಡಿಯ ಬಸ್ಸು ಹತ್ತಿದೆ. ಅತ್ತೆ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಕೂರಲೂ ಇಲ್ಲ, ಕೇಳಿಯೇಬಿಟ್ಟೆ. ಅವರು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡರು, ನಾನು ಏನೋ ಕೆಟ್ಟ ಮಾತು ಆಡಿದ ಹಾಗೆ. ಕೇಳಿದ್ರೆ ಶಕ್ತಿ ಹೋಯ್ತದೆ ಕಣವ್ವ, ಅವನಿಗೆ ಮತ್ತೆ ಹಸಿವು ಕಟ್ಟುತ್ತೆ ಅಂದರು. ಹೋಗಲಿ, ಹೆಸರು ಹೇಳಿ ಅಂದೆ. ಹೇಳಲಿಲ್ಲ. ನನ್ನ ಕೈ ಹಿಡಿದು ಹುಲ್ಲಿನ ಮೆದೆಯ ಹಿಂದೆ ಕರೆದುಕೊಂಡು ಹೋಗಿ, ಹರಳು ಗಿಡಗಳ ನಡುವೆ ಎದೆಮಟ್ಟ ನಿಂತಿದ್ದ ಎರಡು ಗಿಡ ತೋರಿಸಿದರು. ಬೆರಳು ಬಿಡಿಸಿದ ಹಾಗಿರುವ ಎಲೆ. ಭಂಗಿ ಗಿಡ. ಗಾಂಜಾ ಅಂತ ಪೊಲೀಸಿನವರು ಹೊಲ ಹೊಕ್ಕು ಕಿತ್ತುಕೊಂಡು ಹೋಗುವುದು ಅದನ್ನೇ.

ನನ್ನ ಮುಖ ನೋಡಿ ಅತ್ತೆಗೆ ಬೇಜಾರಾಯಿತು. ಅವರ ಗಂಡ ಕಾವಲಿನಲ್ಲಿ ದನ ಕಾಯುತ್ತಿದ್ದವರು.

‘ಮೇವು ಬಿಟ್ಟ ಹಸಕ್ಕೆ ಬೆಲ್ಲದಲ್ಲಿ ಇದನ್ನೇ ಹಾಕೋದು, ಮಾರನೇ ದಿನ ಎದ್ದು ಮೇಯ್ತದೆ,’ ಅಂದರು. ‘ನಮ್ಮಣ್ಣನ ಮಗ ನನಗೆ ಹಸಕ್ಕಿಂತ ಕಡೆಯಾ?’

 ಪ್ರೀತಿಯಿಂದಲೇ ಕೊಟ್ಟಿದ್ದರು. ಇನ್ನು ಮೇಲೆ ಬೇಡ ಅತ್ತೆ, ಈ ಗಿಡವನ್ನೂ ಕಿತ್ತುಹಾಕಿ, ಯಾರಾದರೂ ನೋಡಿದರೆ ಕೇಸಾಗುತ್ತದೆ ಅಂದೆ. ಹೊರಟಾಗ ಅತ್ತೆ ಜಗುಲಿಗೂ ಬರಲಿಲ್ಲ.

ಯಜಮಾನರಿಗೆ ನಾನು ಹೇಳಿದ್ದು ಉಂಡೆ ನಿಲ್ಲಿಸಿದ್ದೇನೆ ಅಂತ ಮಾತ್ರ. ಯಾಕೆ ಅಂತ ಅವರು ಕೇಳಲಿಲ್ಲ, ನನಗೂ ಹೇಳುವ ಧೈರ್ಯ ಬರಲಿಲ್ಲ. ಮುಂದಿನ ಸಲ ಇಬ್ಬರೂ ತರೀಕೆರೆಗೆ ಹೋದಾಗ ಅವರ ಎದುರಿಗೇ, ಡಾಕ್ಟರ ಮೇಜಿನ ಮೇಲೆ ಒಂದು ಉಂಡೆ ಇಟ್ಟು ಎಲ್ಲ ಬಿಚ್ಚಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಪಾಠ ಹೇಳುವವರ ಹಾಗೆ ಶುರು ಮಾಡಿದರು.

ಭಂಗಿಯಲ್ಲಿರುವ ಸತ್ವದಂಥದ್ದೇ ಒಂದಷ್ಟನ್ನು ನಮ್ಮ ಮೈ ತಾನೇ ಮಾಡಿಕೊಳ್ಳುತ್ತದಂತೆ. ಯಾವ ಗಿಡವನ್ನೂ ಮುಟ್ಟದವರ ಮೈಯಲ್ಲೂ ಅದು ಇರುತ್ತದಂತೆ. ಎಂಡೋಕ್ಯಾನಬಿನಾಯ್ಡ್ ಅಂದರು, ನನ್ನ ನಾಲಿಗೆ ಹೊರಳಲಿಲ್ಲ, ಚೀಟಿಯ ಹಿಂದೆ ಬರೆಸಿಕೊಂಡೆ. ಹಸಿವು, ನಿದ್ದೆ, ನೋವು ಇವನ್ನೆಲ್ಲ ಹೆಚ್ಚು ಕಡಿಮೆ ಮಾಡುವುದರಲ್ಲಿ ಅದಕ್ಕೆ ಪಾಲುಂಟು. ಆ ಸತ್ವ ಒಳಗೆ ಹೋಗಲು ಮೈಯಲ್ಲಿ ಎರಡು ಬಗೆಯ ಬಾಗಿಲು ಇವೆ ಅಂದುಕೊಳ್ಳಿ ಅಂದರು. ಲಿವರಿನಲ್ಲಿ ಮೊದಲನೆಯದು ತೆರೆದರೆ ಕೊಬ್ಬು ಕೂರುತ್ತದೆ, ಗಾಯದ ನಾರು ಬೆಳೆಯುತ್ತದೆ. ಎರಡನೆಯದು ತೆರೆದರೆ ಉರಿ ಇಳಿಯುತ್ತದೆ, ನಾರಿಗೂ ತಡೆ ಬೀಳಬಹುದು. ಚೆನ್ನಾಗಿರುವ ಲಿವರಿನಲ್ಲಿ ಈ ಬಾಗಿಲುಗಳು ಇದ್ದೂ ಇಲ್ಲದ ಹಾಗೆ. ವೈರಸ್ ವರ್ಷಗಟ್ಟಲೆ ಕೂತಿದ್ದ ಲಿವರಿನಲ್ಲಿ ಎರಡೂ ಹೆಚ್ಚಾಗಿಬಿಟ್ಟಿರುತ್ತವೆ. ಹೊರಗಿಂದ ಭಂಗಿ ಹೋದರೆ ಅದು ಯಾವ ಬಾಗಿಲು ಎಂದು ನೋಡಿಕೊಂಡು ಹೋಗುವುದಿಲ್ಲ.

ಹಾಗಾದರೆ ಲಿವರ್ ಕೆಟ್ಟದ್ದು ಉಂಡೆಯಿಂದಲೇ ತಾನೇ ಅಂತ ಕೇಳಿದೆ. ಖಡಾಖಂಡಿತ ಹೇಳಲಾರೆ ಅಂದರು. ದಿನಾ ಗಾಂಜಾ ಸೇದುವ ಹೆಪಟೈಟಿಸ್ ಸಿ ರೋಗಿಗಳಲ್ಲಿ ನಾರು ಹೆಚ್ಚು ಎಂದು ಕೆಲವರು ಕಂಡಿದ್ದಾರೆ, ಹಾಗೇನಿಲ್ಲ ಎಂದವರೂ ಇದ್ದಾರೆ. ಮೊದಲನೇ ಬಾಗಿಲನ್ನು ಮುಚ್ಚುವ ಮಾತ್ರೆಯನ್ನೇ ತೂಕ ಇಳಿಸಲು ಮಾಡಿ ನೋಡಿದ್ದರಂತೆ; ತೂಕ ಇಳಿಯಿತು, ಆದರೆ ತಿಂದವರಲ್ಲಿ ಕೆಲವರು ಬದುಕೇ ಬೇಡ ಎನ್ನುವಷ್ಟು ಕುಗ್ಗಿಹೋದರು ಅಂತ ನಿಲ್ಲಿಸಿಬಿಟ್ಟರಂತೆ. ಇನ್ನು ಇವರದು ಸೇದಿದ್ದಲ್ಲ, ತಿಂದದ್ದು. ಹಸಿವು ಏರಿ ತಿಂದ ಜಿಲೇಬಿ ದೋಸೆಯೂ ಸಾಕು ಕೊಬ್ಬು ಕೂರಲು. ಉಂಡೆ ಬಿಟ್ಟು, ತೂಕ ಇಳಿಸಿ, ಆರು ತಿಂಗಳು ನೋಡೋಣ, ಕೆಲವು ದಿನ ನಿದ್ದೆ ಕೆಡಬಹುದು ಹೆದರಬೇಡಿ ಅಂದರು. ಮತ್ತೆ ನನಗೆ ಸಿಕ್ಕಿದ್ದು ಇರಬಹುದು, ನೋಡೋಣ. ಆದರೆ ಈ ಸಲ ನನಗೆ ಡಾಕ್ಟರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಗಮನ ಬೇರೆ ಕಡೆ ಇತ್ತು.

ನಾನು ಭಂಗಿ ಅಂದಾಗ ಡಾಕ್ಟರ ಹುಬ್ಬು ಮೇಲೆ ಹೋಗಿತ್ತು. ಪಕ್ಕದಲ್ಲಿ ಕೂತ ಇವರು ಅಲ್ಲಾಡಿರಲಿಲ್ಲ. ವರ್ಷಕ್ಕೂ ಮೇಲೆ ತನಗೆ ಗಾಂಜಾ ತಿನ್ನಿಸಿದ್ದಾರೆ ಎಂದು ಆಗತಾನೇ ತಿಳಿದ ಮನುಷ್ಯ ಹಾಗೆ ಕೂರುವುದಿಲ್ಲ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತೆವು. ಕಡೂರು ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ನೇರವಾಗಿ ಕೇಳಿದೆ, ‘ನಿಮಗೆ ಗೊತ್ತಿತ್ತು ಅಲ್ವಾ?’

‘ಮೊದಲ್ನೇ ದಿನಾನೇ,’ ಅಂದರು. ‘ಅತ್ತೆ ಮನೇಲಿ ಬೆಳ್ದವನಿಗೆ ಆ ರುಚಿ ತಿಳೀದಾ?’

ಮತ್ತೆ ಯಾಕೆ ಸುಮ್ಮನಿದ್ದಿರಿ, ಯಾಕೆ ತಿಂದಿರಿ ಅಂತ ಗಂಟುಬಿದ್ದೆ.  ಅವರು ಚಪ್ಪಲಿಯಿಂದ ಒಂದು ಕಲ್ಲನ್ನು ಆ ಕಡೆ ಈ ಕಡೆ ತಳ್ಳುತ್ತಿದ್ದರು. ಆಮೇಲೆ, ಮಾವ ಸಾರಾಯಿ ಬಿಟ್ಟದ್ದು ಹೇಗೆ ಅಂತ ನಿನಗೆ ಅತ್ತೆ ಹೇಳಿರಲಿಲ್ಲವಾ ಅಂದರು. ನನಗೆ ಗೊತ್ತಿರಲಿಲ್ಲ. ದನ ಕಾಯುತ್ತಿದ್ದ ಆ ಮಾವ ಒಂದು ಕಾಲಕ್ಕೆ ವಿಪರೀತ ಕುಡಿಯುತ್ತಿದ್ದರಂತೆ. ಅತ್ತೆ ಹೇಳದೆ ಕೇಳದೆ ಇದೇ ಉಂಡೆ ತಿನ್ನಿಸಿ ತಿನ್ನಿಸಿ ಸಾರಾಯಿ ಬಿಡಿಸಿದರಂತೆ. ಚಿಕ್ಕವರಾಗಿದ್ದ ಇವರು ಅದನ್ನು ಕಣ್ಣಾರೆ ನೋಡಿದ್ದರು. ನಾನೊಬ್ಬಳೇ ಎಮ್ಮೆದೊಡ್ಡಿಗೆ ಹೋಗಿ, ಏನು ಅಂತ ಕೇಳಬೇಡಿ ಅಂತ ಉಂಡೆ ತಂದು ಕೈಗೆ ಹಾಕಿದ ದಿನ ಇವರು ಅಂದುಕೊಂಡದ್ದು, ಹೆಂಡತಿ ಅತ್ತೆಯ ಹತ್ತಿರ ಕುಡಿತ ಬಿಡಿಸುವ ಮದ್ದು ಕೇಳಿ ತಂದಿದ್ದಾಳೆ ಅಂತ.

‘ನಾನು ಕುಡಿಯಲ್ಲ ಅಂದ್ರೆ ನೀನು ನಂಬಲ್ಲ,’ ಅಂದರು. ‘ಇದನ್ನ ತಿಂದ್ರೆ, ಇನ್ನು ಬಿಟ್ಟ ಅಂತಾದ್ರೂ ನಂಬ್ತೀಯೇನೋ ಅಂತ ತಿಂದೆ.’

ಸಿಟ್ಟಿನಿಂದ ಹೇಳಲಿಲ್ಲ. ಊಟದ ವಿಷಯ ಹೇಳುವ ಅದೇ ದನಿ. ಬಾಳಿನಲ್ಲಿ ಒಂದು ತೊಟ್ಟೂ ಕುಡಿಯದ ಮನುಷ್ಯ, ಮಾಡದ ತಪ್ಪಿಗೆ ಮದ್ದು ಅಂತ, ಗಾಯವಾದ ಲಿವರಿನ ಮೇಲೆ, ಒಂದೂಕಾಲು ವರ್ಷ ದಿನಾ ಬೆಳಿಗ್ಗೆ ನನ್ನ ಕೈಯಿಂದ ತಗೊಂಡು ತಿಂದಿದ್ದರು. ಆ ವರ್ಷವೆಲ್ಲ ನಾನು ಗರಿಯ ರಾಶಿಯಲ್ಲಿ ಬಾಟಲಿ ಹುಡುಕುತ್ತಿದ್ದೆ. ಡಾಕ್ಟರು ನನ್ನ ಕಡೆ ತಿರುಗಿ ಕೇಳಿದಾಗ ಇಲ್ಲ ಅಂತ ಒಂದು ಮಾತು ಹೇಳದೆ ಸುಮ್ಮನೆ ಕೂತಿದ್ದೆ.

ತಪ್ಪಾಯಿತು ಅಂದೆ. ಅದೊಂದೇ ಬಾಯಿಗೆ ಬಂದದ್ದು. ಇವರು ಹೂಂ ಅಂದರು, ಅಷ್ಟೇ. ಅತ್ತುಬಿಟ್ಟರೆ ಹಗುರಾಗುತ್ತಿತ್ತು, ಅಳುವೂ ಬರಲಿಲ್ಲ. ಆರು ತಿಂಗಳಾದ ಮೇಲೆ ಬಂದ ಸ್ಕ್ಯಾನಿನಲ್ಲಿ ಹನ್ನೆರಡಕ್ಕೆ ಇಳಿದಿತ್ತು. ಉಂಡೆ ಬಿಟ್ಟಿದ್ದಕ್ಕೋ, ತೂಕ ಇಳಿದಿದ್ದಕ್ಕೋ, ವೈರಸ್ ಹೋಗಿ ದಿನವಾಗಿದ್ದಕ್ಕೋ ಡಾಕ್ಟರಿಗೂ ಗೊತ್ತಿಲ್ಲ. ಕುಡಿತ ಇದೆಯಾ ಅಂತ ಫಾರಂ ತುಂಬುವ ನರ್ಸು ಅವತ್ತು ಮತ್ತೆ ಕೇಳಿದಳು, ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಇವರು ಉತ್ತರ ಹೇಳದೆ, ನಾನು ಏನು ಹೇಳುತ್ತೇನೋ ಅಂತ ನನ್ನ ಮುಖ ನೋಡಿದರು.